ಚೊಂಬಿನ ಕಿವಿ, ಕಿಟಕಿಯ ಕಿವಿ

ಒಂದೂರಿನಲ್ಲಿ ಒಬ್ಬಳು ಮುದುಕಿ ಇದ್ದಳಂತೆ. ಅವಳಿಗೆ ಹಿಂದೆ ಇಲ್ಲ, ಮುಂದೆ ಇಲ್ಲ. ಹಿತ್ತಲಲ್ಲಿ ಒಂದು ಬೂದುಗುಂಬಳದ ಬಳ್ಳಿ, ಅಷ್ಟೆ. ಹೂವೆಲ್ಲ ಉದುರಿ ಬಳ್ಳಿಯಲ್ಲಿ ಒಂದೇ ಒಂದು ಕಾಯಿ ನಿಂತಿತಂತೆ. ಮುದುಕಿ ಕುಡುಗೋಲು ಎತ್ತಿದರೆ ಕಾಯಿಯೊಳಗಿಂದ ಒಂದು ದನಿ: ಅಮ್ಮಾ, ಕೊಯ್ಯಬೇಡ, ದೊಡ್ಡವಳಾದ ಮೇಲೆ ನಾನೇ ಈಚೆಗೆ ಬರ್ತೀನಿ. ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ. ಊರಿಗೆ ಊರೇ ಬಂದು ಸಿಪ್ಪೆಗೆ ಕಿವಿಯಿಟ್ಟಿತಂತೆ. ತೊಟ್ಟಿನ ಕಡೆ ಕಿವಿಯಿಟ್ಟವನು ಇದು ಗಂಡು ಎಂದ. ತಳದ ಕಡೆ ಕಿವಿಯಿಟ್ಟವಳು ಇದು ಹಕ್ಕಿ ಎಂದಳು. ಒಳಗಿದ್ದವಳು ಮಾತ್ರ ಒಬ್ಬಳೇ, ಆಡಿದ್ದೂ ಒಂದೇ ಮಾತು.

ಇಷ್ಟು ಸಿಂಚನಳಿಗೆ ಕೇಳಿಸುತ್ತಿತ್ತು. ಕೇಳಿಸುತ್ತಿತ್ತು ಎನ್ನುವುದಕ್ಕಿಂತ ಗೊತ್ತಿತ್ತು, ಗೊತ್ತಿದ್ದರಿಂದ ಕೇಳಿಸಿದಂತಾಗುತ್ತಿತ್ತು. ಇಯರ್‌ಫೋನಿನಲ್ಲಿ ನಿಜವಾಗಿ ಇದ್ದದ್ದು ರಾಗಿ ಅಂಬಲಿಯಂಥ ಒಂದು ದನಿ. ಒಂದು ಮಾತು ಮುಗಿಯುವ ಮೊದಲೇ ಅದರ ಹಿಂದಿನ ಮಾತು ತಗಡಿನ ಶೀಟಿಗೆ ಬಡಿದು ವಾಪಸ್ಸು ಬಂದು ಅದರ ಮೇಲೆ ಕೂರುತ್ತಿತ್ತು, ಅದರ ಮೇಲೆ ಗೋಡೆಗೆ ಬಡಿದ ಇನ್ನೊಂದು. ಅಮಾವಾಸ್ಯೆಯಾದ್ದರಿಂದ ಮಗ್ಗಗಳಿಗೆ ಬಿಡುವು. ಅಪ್ಪ ಮುನಿರಾಜ್ ಬೆಳಗ್ಗೆಯೇ ಇಲ್ಲೇ ಹತ್ತಿರದ ಮಧುರೆಯ ದೇವಸ್ಥಾನಕ್ಕೆ ಗಾಡಿ ಹತ್ತಿದ್ದ. ಮನೆಯ ಹಿಂದಿನ ಮಗ್ಗದ ಶೆಡ್ಡಿನಲ್ಲಿ ಸಿಂಚನ ಒಬ್ಬಳೇ, ಮಡಿಲಲ್ಲಿ ಲ್ಯಾಪ್‌ಟಾಪು. ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಮಗ್ಗ ನಿಂತ ದಿನ ಜನ ಜೋರಾಗಿ ಮಾತಾಡುತ್ತಾರೆ, ಅಭ್ಯಾಸಬಲ. ಆಮೇಲೆ ತಾವೇ ನಾಚಿಕೊಂಡು ದನಿ ತಗ್ಗಿಸುತ್ತಾರೆ. ಅಜ್ಜಿ ಕಥೆ ಹೇಳಿದ್ದೂ ಇಂಥದೇ ಒಂದು ಅಮಾವಾಸ್ಯೆಯ ಹಗಲಿನಲ್ಲಿ, ಇದೇ ಶೆಡ್ಡಿನಲ್ಲಿ, ಇದೇ ಹಸಿರು ಚಾಪೆಯ ಮೇಲೆ. ಹಗಲು ಕಥೆ ಹೇಳಿದರೆ ದಾರಿಯಲ್ಲಿ ಹೋಗುವವರಿಗೆ ದಾರಿ ತಪ್ಪುತ್ತದೆ ಅಂತ ಅಮ್ಮ ಭಾಗ್ಯಮ್ಮ ಅಡುಗೆಮನೆಯಿಂದಲೇ ಗೊಣಗಿದ್ದಳು. ಅದಕ್ಕೆ ಅಜ್ಜಿ ನರಸಮ್ಮ, "ಈಗ ಯಾರ್ ದಾರಿ ತಪ್ತಾರೆ, ಎಲ್ರ ಫೋನಲ್ಲೂ ಒಂದ್ ಹೆಂಗಸು ಕೂತ್ಕಂಡು ಎಡಕ್ಕೆ ತಿರುಗು ಬಲಕ್ಕೆ ತಿರುಗು ಅಂತಿರ್ತಾಳಲ್ಲ" ಎಂದು ನಕ್ಕಿದ್ದಳು. ನಗು ಕೂಡ ರೆಕಾರ್ಡಾಗಿದೆ. ಅದೂ ಅಂಬಲಿಯೇ.

ಆವತ್ತು ಎರಡು ಫೋನುಗಳಿದ್ದವು. ಸಿಂಚನಳದ್ದನ್ನು ಅಮ್ಮ ಹಿತ್ತಾಳೆಯ ಚೊಂಬಿನೊಳಗೆ ಇಳಿಬಿಟ್ಟಿದ್ದಳು. ಹಾಡು ಹಾಕಿ ಚೊಂಬಿನಲ್ಲಿಟ್ಟರೆ ಮನೆಯೆಲ್ಲ ಕೇಳುತ್ತದಲ್ಲ, ಹಾಗಾದರೆ ಮನೆಯ ದನಿಯೂ ಚೊಂಬಿನಲ್ಲಿ ಜೋರಾಗಿ ತುಂಬಿಕೊಳ್ಳುತ್ತದೆ ಎಂಬುದು ಅವಳ ಲೆಕ್ಕ. ಎಂಜಿನಿಯರಿಂಗ್ ಮುಗಿಸಿ ಎಂ.ಟೆಕ್ ಓದುತ್ತಿದ್ದ ಮಗಳು ಎದುರಿಗೇ ಕೂತಿದ್ದಳು, ಬೇಡ ಎನ್ನಲಿಲ್ಲ. ಅಮ್ಮನ ಮುಖದಲ್ಲಿ ಆ ಹೊತ್ತು ಇದ್ದ ಹೆಮ್ಮೆಯನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂದು ಸಿಂಚನ ತನಗೆ ತಾನು ಹೇಳಿಕೊಂಡಿದ್ದುಂಟು. ನಿಜವೆಂದರೆ ಅವಳ ಗಮನ ಅಲ್ಲಿರಲಿಲ್ಲ. ಯಲಹಂಕದಲ್ಲಿ ಗೆಳತಿಯೊಬ್ಬಳ ಹುಟ್ಟುಹಬ್ಬ, ಬಸ್ಸು ಹಿಡಿಯಬೇಕಿತ್ತು. ಇನ್ನೊಂದು ಫೋನು ಪಕ್ಕದ ಮನೆಯ ಮೆಹ್ನಾಜಳದ್ದು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಕೆಲಸ ಅವಳದು. ಕಟ್ಟುತ್ತಿದ್ದ ಸೀರೆಯ ಸಮೇತ ಬಂದು ಅಜ್ಜಿಯ ತೊಡೆಗೆ ಅಂಟಿ ಕೂತು, ಫೋನನ್ನು ಕಿಟಕಿಯ ಸರಳಿಗೆ ಒರಗಿಸಿದ್ದಳು. ಕಥೆಗೆ ಹೂಂಗುಟ್ಟಿದವಳೂ ಅವಳೇ. ಈ ಮನೆಯಲ್ಲಿ ಕೇಳುವವರು ಹೂಂ ಎನ್ನದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಎಷ್ಟೋ ಕಥೆಗಳು ಹಾಗೆ ನಿಂತಿವೆ. ಚಿಕ್ಕಂದಿನಲ್ಲಿ ಸಿಂಚನ ಹೂಂ ಎನ್ನುತ್ತಲೇ ನಿದ್ದೆಹೋಗಿ, ಎಷ್ಟೋ ರಾಜಕುಮಾರರು ಹೊಳೆಯ ನಡುವೆಯೇ ಉಳಿದುಬಿಟ್ಟಿದ್ದಾರೆ.

ಶುರು ಮಾಡುವ ಮೊದಲು ಅಜ್ಜಿ ಒಂದು ಮಾತು ಕೇಳಿದ್ದಳು. "ಇದ ನಂಗೊಂದ್ಸಲ ಕೇಳುಸ್ಬೇಕು ಕಣೇ ಸಿಂಚು. ಹುಟ್ಟಿದಾಗ್ಲಿಂದ ಹೇಳಿದ್ದೇ ಆಯ್ತು. ನನ್ ಕಥೆಗೆ ನಾನೂ ಒಂದಪ ಹೂಂ ಅನ್ಬೇಕು."

"ಕೇಳಿಸ್ತೀನಜ್ಜಿ, ಸಿನಿಮಾ ಥರ ಕ್ಲಿಯರಾಗಿ ಮಾಡ್ಕೊಡ್ತೀನಿ."

"ಮಾತು ಕೊಟ್ಟೆ ನೋಡು."

"ಕೊಟ್ಟೆ ಹೋಗು."

ಹೋಗು ಎಂದದ್ದು ಸಲಿಗೆಯಿಂದಲೇ. ಮುಂದಿನ ಅಮಾವಾಸ್ಯೆ ಬರುವಷ್ಟರಲ್ಲಿ ಲಕ್ವ ಹೊಡೆದು ನರಸಮ್ಮನ ಬಲಗೈ ಸತ್ತಿತು, ಮಾತು ಹೋಯಿತು. ಕಿವಿ ಚುರುಕಾಗಿತ್ತು, ಕಣ್ಣು ಎಲ್ಲವನ್ನೂ ಹಿಂಬಾಲಿಸುತ್ತಿತ್ತು. ಮಾತಾಡಿಸ್ತಾ ಇರಿ, ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದ್ದರು. ಎಲ್ಲರೂ ಮಾತಾಡಿಸಿದರು. ಮೊದಮೊದಲು ತುಂಬ, ಆಮೇಲೆ ಊಟಕ್ಕೆ, ಮಾತ್ರೆಗೆ. ಪಡಸಾಲೆಯ ಮಂಚದ ಮೇಲಿಂದ ಅಜ್ಜಿ ತನ್ನತ್ತ ನೋಡಿದಾಗಲೆಲ್ಲ ಸಿಂಚನಳಿಗೆ ಆ ಕಣ್ಣು ಏನೋ ಕೇಳುತ್ತಿದೆ ಅನ್ನಿಸುತ್ತಿತ್ತು. ಬಹುಶಃ ನೀರು. ಬಹುಶಃ ಏನೂ ಅಲ್ಲ. ನೀರು ಕೊಟ್ಟು ಶೆಡ್ಡಿಗೆ ಬಂದು ಕೂರುತ್ತಿದ್ದಳು.

ಏನು ಓದ್ತಾ ಇದೀಯೇ ನೀನು ಎಂದು ಅಮ್ಮ ಕೇಳಿದಾಗ, ಬ್ಲೈಂಡ್ ಚಾನೆಲ್ ಐಡೆಂಟಿಫಿಕೇಶನ್ ಎಂದರೆ ಅವಳು ಕಣ್ಣಾಸ್ಪತ್ರೆಯ ಕೆಲಸವೆಂದುಕೊಂಡಾಳೆಂದು ಸಿಂಚನ ಕಥೆಯ ಹಾಗೆ ಹೇಳಿದ್ದಳು. ಒಂದು ದನಿ, ಎರಡು ಕಿವಿ. ದನಿ ಮೂಲದಲ್ಲಿ ಹೇಗಿತ್ತೋ ಗೊತ್ತಿಲ್ಲ. ಅದು ಬಂದ ದಾರಿಗಳೂ ಗೊತ್ತಿಲ್ಲ, ಯಾವ ಗೋಡೆಗೆ ಬಡಿಯಿತೋ, ಎಷ್ಟು ಸುತ್ತಿತೋ. ಕೈಯಲ್ಲಿರುವುದು ಎರಡು ಕಿವಿಗೆ ಬಿದ್ದ ಎರಡು ಅಂಬಲಿ ಮಾತ್ರ. ಆದರೆ ಚೊಂಬು ಕೇಳಿದ್ದನ್ನು ಕಿಟಕಿಯ ದಾರಿಯಲ್ಲಿ ಇನ್ನೊಮ್ಮೆ ನಡೆಸಬೇಕು, ಕಿಟಕಿ ಕೇಳಿದ್ದನ್ನು ಚೊಂಬಿನ ದಾರಿಯಲ್ಲಿ ಇನ್ನೊಮ್ಮೆ ನಡೆಸಬೇಕು. ಆಗ ಎರಡೂ ಒಂದೇ ಆಗಿಬಿಡಬೇಕು, ಏಕೆಂದರೆ ಆಗ ಚೊಂಬಿನದೂ ಕಿಟಕಿಯದೂ ಎರಡೂ ದಾರಿಗಳನ್ನು ನಡೆದಿರುತ್ತವೆ. ಯಾವ ದಾರಿಗಳನ್ನು ಊಹಿಸಿಕೊಂಡರೆ ಅವೆರಡೂ ಒಂದಾಗುತ್ತವೋ ಅವೇ ನಿಜವಾದ ದಾರಿಗಳು. ದಾರಿ ಸಿಕ್ಕಿದರೆ ದನಿಯನ್ನು ಅದೇ ದಾರಿಯಲ್ಲಿ ಹಿಂದಕ್ಕೆ ನಡೆಸಿ ಬಾಯಿಯವರೆಗೂ ಹೋಗಬಹುದು. ಅಮ್ಮ ಹುಣಸೆಹಣ್ಣು ಕಿವುಚುವುದನ್ನು ನಿಲ್ಲಿಸಿ, "ಅಂದ್ರೆ ಅತ್ತೆ ದೂರು ಸೊಸೆ ಬಾಯಲ್ಲಿ, ಸೊಸೆ ದೂರು ಅತ್ತೆ ಬಾಯಲ್ಲಿ ಹೇಳ್ಸಿ ನೋಡದು" ಎಂದಿದ್ದಳು. "ಎರಡೂ ಒಂದೇ ಆಗೋದುಂಟಾ? ನಮ್ಮನೇಲಂತೂ ಆಗ್ಲಿಲ್ಲ."

ಸಿಂಚನಳ ಕಂಪ್ಯೂಟರಿನಲ್ಲೂ ಆಗಲಿಲ್ಲ. ತಿಂಗಳುಗಳಿಂದ ಆಗಲಿಲ್ಲ. ಕಾಲೇಜಿನ ಸೆಮಿನಾರಿನಲ್ಲಿ, ತಾನೇ ಬರೆದ ಪ್ರೋಗ್ರಾಮಿನಿಂದ ಹೊರಬಂದ ದನಿಯನ್ನು ಸ್ಪೀಕರಿನಲ್ಲಿ ಹಾಕಿದಾಗ, ಹಿಂದಿನ ಸಾಲಿನಿಂದ ಒಬ್ಬ, "ಗುರು, ಅಜ್ಜೀನ ಕುಕ್ಕರಲ್ಲಿಟ್ಟು ವಿಷಲ್ ಹಾಕ್ಸವ್ರೆ" ಎಂದ. ಎಲ್ಲ ನಕ್ಕರು. ಸಿಂಚನಳೂ ನಕ್ಕಳು. ಈಗಲೂ ಅವಳನ್ನು ಚುಚ್ಚುವುದು ಅವನ ಮಾತಲ್ಲ, ತನ್ನ ಆ ನಗು. ಮೇಡಂ ಮಾತ್ರ ನಗದೆ ಗ್ರಾಫನ್ನೇ ನೋಡುತ್ತ, "ಸಿಂಚನ, ರೆಕಾರ್ಡಿಂಗನ್ನ ಹಾಗ್ಹಾಗೇ ಕೊಟ್ಟಿದ್ದೀಯ ತಾನೆ? ಎಲ್ಲೂ ಮುಟ್ಟಿಲ್ವಲ್ಲ?" ಎಂದು ಕೇಳಿದ್ದರು. "ಇಲ್ಲ ಮೇಡಂ" ಎಂದಿದ್ದಳು. ಅದು ಸುಳ್ಳು ಎಂದು ಹೇಳುವಾಗ ಅವಳಿಗೆ ಅನ್ನಿಸಿರಲೂ ಇಲ್ಲ. ಅವಳು ಮುಟ್ಟಿದ್ದು ಅಜ್ಜಿಯ ಮಾತನ್ನಲ್ಲವಲ್ಲ. ಅಲ್ಲಲ್ಲಿ ಕೆಮ್ಮು, ಮೆಹ್ನಾಜಳ ಹೂಂ, ಮತ್ತೆ ಇನ್ನೊಂದು ತುಣುಕು. ಅನ್ನಕ್ಕಿಡುವ ಮೊದಲು ಅಕ್ಕಿಯಲ್ಲಿ ಕಲ್ಲು ಆರಿಸುವುದಿಲ್ಲವೆ?

"ಸಿಂಚೂ!" ಶೆಡ್ಡಿನ ಬಾಗಿಲಲ್ಲಿ ಮೆಹ್ನಾಜ್ ನಿಂತಿದ್ದಳು, ಹೆಗಲ ಮೇಲೆ ನೇರಳೆ ಸೀರೆ, ಹಲ್ಲಿನಲ್ಲಿ ದಾರ. ಮಗ್ಗವಿಲ್ಲದ ದಿನ ಅವಳ ಕರೆ ಶೆಡ್ಡನ್ನೆಲ್ಲ ಸುತ್ತಿ ಬಂದಿತು. "ಅರೆ, ಇವತ್ತೂ ಅದೇನಾ? ಅಜ್ಜಿ ಅಲ್ಲಿ ಪಡಸಾಲೇಲಿ ಮಲಗಿದ್ರೆ ನೀನು ಇಲ್ಲಿ ಡಬ್ಬಾ ಮುಂದೆ ಕೂತ್ಕಂಡು ಅಜ್ಜೀನ ಹುಡುಕ್ತಾ ಇದೀಯ."

"ನಿಂಗೇನ್ ಗೊತ್ತಾಗುತ್ತೆ, ಹೋಗೇ."

"ನಂಗ್ಯಾಕೆ ಗೊತ್ತಾಗ್ಬೇಕು? ನಾನು ದಿನಾ ಕೇಳ್ತೀನಿ. ಕುಚ್ಚು ಕಟ್ಟೋವಾಗ ಹಾಕ್ಕೊಂಡ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ." ಅವಳು ಚಾಪೆಯ ಮೇಲೆ ಕೂತು ಸೀರೆಯ ಅಂಚನ್ನು ಮೊಣಕಾಲಿಗೆ ಬಿಗಿದುಕೊಂಡು ಫೋನನ್ನು ಒತ್ತಿ ನೆಲಕ್ಕಿಟ್ಟಳು. ಅದೇ ಅಂಬಲಿ ದನಿ. ಅಂಬಲಿಗೆ ಮೆಹ್ನಾಜ್ ಎಳೆ ಎಳೆಯುತ್ತ ತನ್ನದೇ ಹಳೆಯ ಹೂಂಗಳ ಮೇಲೆ ಹೊಸ ಹೂಂ ಸೇರಿಸುತ್ತಿದ್ದಳು. ಈ ಹುಡುಗಿಗೆ ಒಂದು ಪದವೂ ಸರಿಯಾಗಿ ಕೇಳುತ್ತಿರಲಿಕ್ಕಿಲ್ಲ. ಆದರೂ ದಿನಾ ಕೇಳುತ್ತಾಳೆ. ಸಿಂಚನಳಿಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಫೋನಿನಿಂದ, ತಗಡಿನ ಶೀಟಿನಡಿಯಿಂದ, ತೀರ ಹತ್ತಿರದಿಂದ ಒಬ್ಬ ಹುಡುಗಿಯ ಚುರುಕು ದನಿ ಬಂತು: "ಬೇಗ ಮುಗ್ಸಜ್ಜಿ, ನಂಗೆ ಬಸ್ಸಿದೆ." ಅದರ ಹಿಂದೆಯೇ ಆ ಮಾತಿನ ಪ್ರತಿಧ್ವನಿ, ಬಸ್ಸಿದೆ, ಸ್ಸಿದೆ, ಒಂದು ಕಲಸುಮೇಲೋಗರ, ಆಮೇಲೆ ಮತ್ತೆ ಅಜ್ಜಿ.

ಮೆಹ್ನಾಜ್ ತಲೆಯೆತ್ತಲಿಲ್ಲ, ಎಳೆ ಎಣಿಸುತ್ತಿದ್ದಳು. ಎಷ್ಟು ಸಲ ಕೇಳಿದ್ದಾಳೋ ಈ ಮಾತನ್ನು. ಎಷ್ಟು ಸಲ ಕೇಳಿಯೂ ಒಮ್ಮೆಯೂ ಎತ್ತಿ ಆಡಿಲ್ಲ. ಸಿಂಚನಳ ಕಿವಿಯ ತುದಿಗಳು ಕಾದವು. ಅವಳು ಮೊದಲು ಕತ್ತರಿಸಿ ಎಸೆದದ್ದು ಇದನ್ನೇ. ಆಸ್ಪತ್ರೆಯಿಂದ ಅಜ್ಜಿಯನ್ನು ಮನೆಗೆ ತಂದ ವಾರದಲ್ಲಿ, ಬಾಗಿಲು ಹಾಕಿಕೊಂಡು, ಚೊಂಬಿನಿಂದ ಒಂದು ತುಂಡು, ಕಿಟಕಿಯಿಂದ ಒಂದು ತುಂಡು. ಅಜ್ಜಿಯ ಬಾಯಿಂದ ಬಂದ ಕೊನೆಯ ಕಥೆಯಲ್ಲಿ ಆ ದನಿ ಇರಕೂಡದು ಎಂದು. ಒಮ್ಮೆ ಕತ್ತರಿ ಹಿಡಿದ ಮೇಲೆ ಕೈ ನಿಲ್ಲಲಿಲ್ಲ. ತಾನು ಹೂಂ ಎನ್ನದ ಕಡೆಯೆಲ್ಲ ಮೆಹ್ನಾಜ್ ಹೂಂ ಎಂದಿದ್ದಳು, ಆ ಹೂಂಗಳು ಒಂದೊಂದೂ ನೀನೆಲ್ಲಿದ್ದೆ ಎಂದು ಕೇಳುವಂತಿದ್ದವು, ಅವನ್ನೂ ತೆಗೆದಳು. ಎರಡು ಕಡೆಯೂ ಕಿವಿಯ ಅಂದಾಜಿನಲ್ಲಿ, ಇಲ್ಲಿ ಸ್ವಲ್ಪ ಹೆಚ್ಚು, ಅಲ್ಲಿ ಸ್ವಲ್ಪ ಕಡಿಮೆ.

ಕಿಟಕಿಯ ಸರಳಿನ ನೆರಳು ಚಾಪೆಯ ಮೇಲೆ ಬಿದ್ದಿತ್ತು, ಅದರೊಳಗೆ ಹತ್ತಿಯ ಧೂಳು ನಿಧಾನ ಇಳಿಯುತ್ತಿತ್ತು. ಶೆಡ್ಡು ಎಲ್ಲವನ್ನೂ ಒಂದೇ ಥರ ಸುತ್ತಿಸಿ ಕಳಿಸುತ್ತದೆ. ಕಥೆ, ಕೆಮ್ಮು, ಹೂಂ, ಬಸ್ಸು ಎಂದು ಅದಕ್ಕೆ ಭೇದವಿಲ್ಲ. ಬಸ್ಸಿದೆ ಎಂಬ ಮಾತಿನ ಬಾಲ ಮುಂದಿನ ಮಾತಿನ ಮೈಮೇಲಿದೆ. ತಲೆ ಕತ್ತರಿಸಿ ಎಸೆದರೆ ಬಾಲ ಎಲ್ಲಿಂದ ಬಂತೆಂದು ಲೆಕ್ಕಕ್ಕೆ ಹೇಗೆ ಗೊತ್ತಾಗಬೇಕು? ಎರಡು ಕಿವಿಗಳೂ ಒಂದೇ ಹೊತ್ತಿನಲ್ಲಿ ಒಂದೇ ಬಾಯಿಗೆ ತೆರೆದಿದ್ದವು ಎಂಬ ಒಂದೇ ನಂಬಿಕೆಯ ಮೇಲೆ ಇಡೀ ಲೆಕ್ಕ ನಿಂತಿತ್ತು. ಆ ನಂಬಿಕೆಯನ್ನು ಅವಳು ತುಂಡು ತುಂಡು ಮಾಡಿ, ಆಮೇಲೆ ದಿನವೂ ಕೂತು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದ್ದಳು. ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವಳು ಅವಳೇ.

"ಮೆಹ್ನಾಜ್, ಅದನ್ನ ನಂಗೆ ಇನ್ನೊಂದ್ಸಲ ಕಳ್ಸು. ಪೂರ್ತಿ."

"ನಿಂಗೆ ಆವಾಗ್ಲೇ ಕಳ್ಸಿದ್ನಲ್ಲೇ."

"ಅದನ್ನ ನಾನು ಹಾಳ್ಮಾಡ್ಬಿಟ್ಟೆ."

ಮೆಹ್ನಾಜ್ ಈಗ ಅವಳ ಮುಖ ನೋಡಿದಳು. ಹಲ್ಲಿನ ದಾರ ತೆಗೆದು ಫೋನು ಒತ್ತಿದಳು. "ಬಂತಾ? ಇದಕ್ಕೆ ಒಂದು ಟೀ ಆಗ್ಬೇಕು, ಹೇಳಿಟ್ಟಿರ್ತೀನಿ."

ಚೊಂಬಿನ ಮೂಲ ರೆಕಾರ್ಡಿಂಗು ಅವಳ ಹಳೆಯ ಫೋನಿನಲ್ಲಿತ್ತು, ಫೋನು ಗೋದ್ರೆಜ್ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ ಸಿಕ್ಕಿತು. ಚಾರ್ಜಿಗೆ ಹಾಕಿ ಅದು ಕಣ್ಣು ಬಿಡುವವರೆಗೆ ಸಿಂಚನ ಉಗುರು ಕಚ್ಚುತ್ತ ನಿಂತಿದ್ದಳು. ಎರಡನ್ನೂ ಹಾಗ್ಹಾಗೇ, ಕೆಮ್ಮು ಕೆಮ್ಮಾಗಿ, ಹೂಂ ಹೂಂ ಆಗಿ, ತನ್ನ ಮಾತು ತನ್ನ ಮಾತಾಗಿ, ಪ್ರೋಗ್ರಾಮಿಗೆ ಕೊಟ್ಟಳು. ಲ್ಯಾಪ್‌ಟಾಪಿನ ಫ್ಯಾನು ಸುಯ್ಯೆಂದಿತು. ಮೆಹ್ನಾಜ್ ಒಂದು ಕುಚ್ಚು ಮುಗಿಸಿ ಇನ್ನೊಂದು ಹಿಡಿದಳು. ಅಮ್ಮ ಎರಡು ಸಲ ಊಟಕ್ಕೆ ಕರೆದಳು. ತೆರೆಯ ಮೇಲೆ ಎರಡು ಗೆರೆಗಳಿದ್ದವು, ತಿಂಗಳುಗಳಿಂದ ಒಂದನ್ನೊಂದು ಮುಟ್ಟದೆ ಮೊಂಡು ಹಿಡಿದಿದ್ದ ಗೆರೆಗಳು, ಚೊಂಬು ಕಿಟಕಿಯ ದಾರಿಯಲ್ಲಿ, ಕಿಟಕಿ ಚೊಂಬಿನ ದಾರಿಯಲ್ಲಿ. ಅವು ಹತ್ತಿರ ಬಂದವು. ಇನ್ನೂ ಹತ್ತಿರ. ಆಮೇಲೆ ಒಂದರ ಮೇಲೊಂದು ಮಲಗಿದವು, ಮಡಿಸಿದ ಸೀರೆಯ ಅಂಚಿನ ಹಾಗೆ, ಯಾವುದು ಯಾವುದೆಂದು ತಿಳಿಯದಂತೆ.

ಅವಳು ಇಯರ್‌ಫೋನು ಹಾಕಿಕೊಂಡಳು. ಒಂದೂರಿನಲ್ಲಿ ಒಬ್ಬಳು ಮುದುಕಿ ಇದ್ದಳಂತೆ ಎಂದಳು ಅಜ್ಜಿ, ಕಿವಿಯಿಂದ ಒಂದು ಗೇಣು ದೂರದಲ್ಲಿ, ಎಲೆಯಡಿಕೆ ಒತ್ತರಿಸಿಕೊಂಡ ದವಡೆಯ ಸದ್ದಿನ ಸಮೇತ. ಶೀಟಿಲ್ಲ, ಗೋಡೆಯಿಲ್ಲ, ಚೊಂಬಿಲ್ಲ. ಸಿಂಚನ ಬಾಯಿಗೆ ಸೆರಗು ಒತ್ತಿಕೊಂಡಳು. ಅದು ಮೆಹ್ನಾಜಳ ತೊಡೆಯ ಮೇಲಿದ್ದ ಗಿರಾಕಿಯ ಸೀರೆಯ ಸೆರಗು.

"ಅಯ್ಯೋ ಸಿಂಚೂ! ಡೆಲಿವರಿ ಕೊಡ್ಬೇಕು ಕಣೇ ಅದು!"

ಆದರೆ, ತನ್ನ ಮಾತು ಬರುವ ಕಡೆ ಓಡಿಸಿ, ಉಳಿದದ್ದನ್ನೆಲ್ಲ ಕೇಳಿದಾಗ ಕೊನೆಯ ಹತ್ತಿರ ಒಂದು ಕಡೆ ತೂತಿತ್ತು. ಹಿತ್ತಲಿಂದ ಕದ್ದೊಯ್ದ ಕಳ್ಳನ ಗಾಡಿಯಿಂದ ಉರುಳಿದ ಕುಂಬಳಕಾಯಿ ಹಳ್ಳ ದಾಟಿ, ಮಾಕಳಿದುರ್ಗದ ಬೆಟ್ಟ ಇಳಿದು, ಮನೆಯ ಬಾಗಿಲಿಗೆ ಬಂದು ನಿಂತು ಡಿಕ್ಕಿ ಹೊಡೆಯುತ್ತದೆ. ಒಳಗಿನಿಂದ ಮುದುಕಿ, ಯಾರದು, ಎನ್ನುತ್ತಾಳೆ. ಅಷ್ಟರಲ್ಲಿ ದೇವನಹಳ್ಳಿಯ ಕಡೆ ಇಳಿಯುತ್ತಿದ್ದ ವಿಮಾನವೊಂದು ಶೆಡ್ಡಿನ ನೆತ್ತಿಯ ಮೇಲೇ ಹಾದಿದೆ. ಈ ಕಡೆಯವರು ವಿಮಾನಕ್ಕೆ ಮಾತು ನಿಲ್ಲಿಸುವುದನ್ನು ಎಂದೋ ಬಿಟ್ಟಿದ್ದಾರೆ. ಅಜ್ಜಿಯೂ ನಿಲ್ಲಿಸಿಲ್ಲ, ಹೇಳುತ್ತಲೇ ಹೋಗಿದ್ದಾಳೆ. ಚೊಂಬಿಗೂ ಅದೇ ಗುಡುಗು, ಕಿಟಕಿಗೂ ಅದೇ ಗುಡುಗು. ಎರಡು ಕಿವಿಯೂ ಒಂದೇ ಕಡೆ ಕಿವುಡಾಗಿದ್ದರೆ ಯಾವ ಗಣಿತವೂ ಕೈಹಿಡಿಯುವುದಿಲ್ಲ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ವಿಮಾನ ಹೋದ ಮೇಲೆ, "ಅಂತಂತೆ. ಮುದುಕಿ ಬಾಗ್ಲು ತೆಗೀತು" ಎಂದು ಕಥೆ ಮುಂದುವರಿಯುತ್ತದೆ. ಬಾಗಿಲಾಚೆ ನಿಂತವಳು ಏನೆಂದಳು? ಸಿಂಚನಳಿಗೆ ನೆನಪಿಲ್ಲ. ಅಜ್ಜಿ ಅದನ್ನು ಪ್ರತಿ ಸಲವೂ ಬದಲಾಯಿಸುತ್ತಿದ್ದಳು. ಕುಂಬಳಕಾಯಿ ಒಮ್ಮೆ ನಾನು ನಿನ್ನ ಬಳ್ಳಿಯ ಕುಡಿ ಎನ್ನುತ್ತಿತ್ತು, ಒಮ್ಮೆ ಬರೀ ಅಳುತ್ತಿತ್ತು, ಅಮ್ಮನ ಮೇಲೆ ಅಜ್ಜಿಗೆ ಕೋಪ ಬಂದ ದಿನ, ಒಳಗೆ ನೀನಿದ್ದೀಯೋ ನಿನ್ನ ಸೊಸೆಯೋ ಎಂದೂ ಕೇಳಿತ್ತು. ಆವತ್ತು ಏನೆಂದಿತ್ತೋ ಅದು ವಿಮಾನದ ಜೊತೆ ಹೋಯಿತು.

ಪೂರ್ತಿಯಾಗದ್ದನ್ನು ಹೇಗೆ ಕೇಳಿಸುವುದು ಎಂದು ಅವಳು ಲ್ಯಾಪ್‌ಟಾಪು ಮುಚ್ಚಲು ಹೋದಳು. ಇನ್ನೊಂದು ತಿಂಗಳು ಕೂತರೆ, ಬೇರೆ ಏನಾದರೂ ಮಾಡಿದರೆ. ಮೆಹ್ನಾಜ್ ಮುಚ್ಚಲು ಬಿಡಲಿಲ್ಲ. "ಸಾಕು ನಡಿ. ನಿನ್ ಕಾಲೇಜಿಗೆ ಪೂರ್ತಿ ಬೇಕು. ಅಜ್ಜಿಗೆ ಇವತ್ತು ಬೇಕು."

ಪಡಸಾಲೆಯಲ್ಲಿ ಅಮ್ಮ ಅಜ್ಜಿಯನ್ನು ದಿಂಬಿಗೆ ಒರಗಿಸಿ ಕೂರಿಸಿದಳು. ಸಿಂಚನ ಸ್ಪೀಕರನ್ನು ಮಂಚದ ತಲೆದಿಕ್ಕಿಗೆ ಇಟ್ಟಳು. ಮೆಹ್ನಾಜ್ ಆವತ್ತಿನ ಹಾಗೆಯೇ ಅಜ್ಜಿಯ ತೊಡೆಗೆ ಅಂಟಿದಳು. "ಹಗಲು ಹೊತ್ತು," ಎಂದು ಅಮ್ಮ ಶುರುಮಾಡಿ, "ನಿಮ್ಮಪ್ಪ ಬೇರೆ ದಾರೀಲವ್ರೆ," ಎಂದು ಗೊಣಗಿ, ತಾನೂ ಕೂತಳು. ದನಿ ಸಣ್ಣಗೆ ಬಂತು. ಈ ಲೆಕ್ಕದಲ್ಲಿ ದನಿಯ ಆಕಾರ ಸಿಗುತ್ತದೆ, ಮೂಲದಲ್ಲಿ ಎಷ್ಟು ಜೋರಿತ್ತೆಂಬುದು ಮಾತ್ರ ಎಂದೂ ಸಿಗುವುದಿಲ್ಲ. "ಇನ್ನೊಂಚೂರು ಇಡೇ," ಎಂದಳು ಅಮ್ಮ. "ಇನ್ನೂ. ಹಾಂ. ಅತ್ತೆ ಅಷ್ಟೇ ಜೋರು."

ನರಸಮ್ಮನ ಕಣ್ಣುಗಳು ಸ್ಪೀಕರಿನ ಮೇಲೆ ನಿಂತವು. ಆಮೇಲೆ ಬೀದಿಯತ್ತ ಹೋದವು, ಆಮೇಲೆ ತೊಲೆಯತ್ತ, ಯಾರೋ ಮನೆಯೊಳಗೆ ಬಂದಿದ್ದಾರೆ, ಎಲ್ಲಿ ಕೂತಿದ್ದಾರೆಂದು ಹುಡುಕುವ ಹಾಗೆ. ಸ್ಪೀಕರಿನಲ್ಲಿ ಮೆಹ್ನಾಜ್ ಹೂಂ ಎಂದಳು, ಮಂಚದ ಬಳಿ ಮೆಹ್ನಾಜ್ ಹೂಂ ಎಂದಳು. ಅಜ್ಜಿಯ ತುಟಿ ಮಿಸುಕಲಿಲ್ಲ. ಇನ್ನೇನು ಸಿಂಚನಳ ಬಸ್ಸಿನ ಮಾತು ಬರಲಿತ್ತು. ದಾರಿ ಸಿಕ್ಕಿದ ಮೇಲೆ ಅದನ್ನು ಕತ್ತರಿಸಬಹುದಿತ್ತು. ಈಗ ಕತ್ತರಿಸಿದರೆ ಯಾವ ಲೆಕ್ಕವೂ ಕೆಡುತ್ತಿರಲಿಲ್ಲ. ಕೈ ಹೋಗಿರಲಿಲ್ಲ. ಬೇಗ ಮುಗ್ಸಜ್ಜಿ, ನಂಗೆ ಬಸ್ಸಿದೆ, ಎಂದಿತು ಸ್ಪೀಕರು, ಪಡಸಾಲೆಯ ನಡುಮಧ್ಯೆ, ಸ್ಫಟಿಕದಂತೆ ಸ್ವಚ್ಛವಾಗಿ. ಅಮ್ಮ ತಲೆ ತಗ್ಗಿಸಿ ಸೀರೆಯ ನಿರಿಗೆ ಸರಿಮಾಡಿಕೊಂಡಳು.

ಆಗ, ಇಷ್ಟು ದಿನವೂ ಬರೀ ಪ್ರತಿಧ್ವನಿಯ ಕಲಸುಮೇಲೋಗರವೆಂದು ಅವಳು ತಿಳಿದಿದ್ದ ಜಾಗದಲ್ಲಿ, ಶೆಡ್ಡಿನಲ್ಲಿ ತಾನೇ ಓಡಿಸಿ ದಾಟಿದ್ದ ಜಾಗದಲ್ಲಿ, ನಗು ಬೆರೆತ ಒಂದು ದನಿ ಎದ್ದಿತು: "ಬಸ್ಸು ಇನ್ನೊಂದು ಬರ್ತದೆ ಕಣವ್ವಾ. ಹೋಗ್ವಂತೆ. ಕುಂಬ್ಳಕಾಯಿ ಪಾಪ ಹಳ್ಳದಲ್ಲವ್ಳೆ, ಒಂದ್ ದಡ ಸೇರುಸ್ಬುಡನ."

ಬೈಗುಳವಲ್ಲ. ನೋವೂ ಅಲ್ಲ. ತನ್ನ ಮಾತಿನ ಜೊತೆ ಇದನ್ನೂ ಕತ್ತರಿಸಿ ಎಸೆದಿದ್ದಳು, ತನ್ನದೇ ಬಾಲವೆಂದು. ಸಿಂಚನ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಇವಳನ್ನೇ ನೋಡುತ್ತಿದ್ದಳು. ಬಾಯಿಯ ಎಡ ಮೂಲೆ, ಜೀವವಿದ್ದ ಮೂಲೆ, ಮೇಲಕ್ಕೆ ಹೋಗಿತ್ತು.

ಕಾಯಿ ಹಳ್ಳ ದಾಟಿತು, ಬೆಟ್ಟ ಇಳಿಯಿತು, ಬಾಗಿಲಿಗೆ ಬಂದು ಡಿಕ್ಕಿ ಹೊಡೆಯಿತು. ಯಾರದು ಎಂದಳು ಮುದುಕಿ. ವಿಮಾನದ ಗುಡುಗು ಪಡಸಾಲೆಯನ್ನು ತುಂಬುವ ಮೊದಲೇ ಸಿಂಚನ ಕೈ ಚಾಚಿ ಸ್ಪೀಕರನ್ನು ನಿಲ್ಲಿಸಿದಳು. ಬೀದಿಯಲ್ಲಿ ಒಂದು ಮಗ್ಗವೂ ಆಡುತ್ತಿರಲಿಲ್ಲ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಮಂಚದ ಅಂಚಿಗೆ ಸರಿದು ಅಜ್ಜಿಯ ಎಡಗೈ ಹಿಡಿದುಕೊಂಡಳು.

"ಯಾರದು ಅಂದ್ಲಂತೆ ಮುದುಕಿ," ಎಂದಳು. ದನಿ ತನ್ನದಲ್ಲವೆಂಬಂತೆ ಸಣ್ಣಗಿತ್ತು. "ಅದಕ್ಕೆ ಕುಂಬಳಕಾಯಿ, ನಾನೇ ಕಣಮ್ಮ, ಯಾರೋ ಹಗಲು ಹೊತ್ತು ಕಥೆ ಹೇಳಿದ್ರು, ದಾರಿ ತಪ್ಪಿ ಲೇಟಾಗ್ಬಿಡ್ತು, ಬಾಗ್ಲು ತೆಗಿ, ಅಂತಂತೆ."

ನರಸಮ್ಮನ ಗಂಟಲಿನೊಳಗೆ ಏನೋ ಉರುಳಿತು. ತುಟಿ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ.

"ಹೂಂ," ಎಂದಳು.